ಡಬ್ಬಿಯ ಮೇಲಿನ ನನ್ನ ಅಕ್ಷರ

ನನ್ನ ಅಕ್ಷರ ಚೆಂದ. ನಾನೇ ಹೇಳಿಕೊಂಡರೆ ಜಂಬ ಅನ್ನಬಹುದು, ಅನ್ನಲಿ. ಠಾಣೆಯ ಒಂದು ಕನ್ನಡ ಶಾಲೆಯಲ್ಲಿ ಹದಿನಾಲ್ಕು ವರ್ಷ ಚಿಕ್ಕ ಮಕ್ಕಳಿಗೆ ಅ ಆ ಇ ಈ ತಿದ್ದಿಸಿದ ಕೈ ಇದು. ಬೋರ್ಡಿನ ಮೇಲೆ ನಾನು ಬರೆದಿಟ್ಟದ್ದನ್ನು ಒರೆಸಲು ಶಾಲೆಯ ಜವಾನನಿಗೂ ಮನಸ್ಸಾಗುತ್ತಿರಲಿಲ್ಲ. ಕೊನೆಯ ವರ್ಷ ನಾಲ್ಕು ಕ್ಲಾಸು ಸೇರಿ ಒಂಬತ್ತು ಮಕ್ಕಳು ಉಳಿದರು, ಶಾಲೆ ಮುಚ್ಚಿತು. ಸಂಘದ ಕಾರ್ಯಕ್ರಮದಲ್ಲಿ ಕನ್ನಡ ಉಳಿಯಬೇಕು ಎಂದು ಚಪ್ಪಾಳೆ ತಟ್ಟಿದವರೇ ಸೋಮವಾರ ಬೆಳಿಗ್ಗೆ ಮಕ್ಕಳನ್ನು ಇಂಗ್ಲಿಷ್ ಶಾಲೆಯ ಬಸ್ಸಿಗೆ ಹತ್ತಿಸುತ್ತಿದ್ದರು. ನನ್ನ ಮಕ್ಕಳೂ ಅದೇ ಬಸ್ಸಿನಲ್ಲಿದ್ದರು, ಅದನ್ನು ಮುಚ್ಚಿಡುವುದು ಬೇಡ.

ಆಮೇಲೆ ಎರಡು ವರ್ಷ ಡೊಂಬಿವಲಿಯ ಮನೆಯಲ್ಲಿ ಕೂತೆ. ಯಾರಿಗೂ ಬೇಡವಾದ ಅಕ್ಷರ ಇಟ್ಟುಕೊಂಡು ಹಾಲಿನವನ ಲೆಕ್ಕ, ದೋಬಿಯ ಚೀಟಿ ಬರೆಯುತ್ತಿದ್ದೆ. ಆಗ ಸಿಕ್ಕಿದ್ದು ಈ ಕೆಲಸ. ಒಂದು ಸಂಶೋಧನಾ ಸಂಸ್ಥೆಯವರು, ಮುಂಬಯಿ ಕಡೆಗೆ ವಲಸೆ ಬಂದ ಕನ್ನಡ ಕುಟುಂಬಗಳಲ್ಲಿ ಸಕ್ಕರೆ ಕಾಯಿಲೆಯನ್ನು ಹೇಗೆ ನೋಡಿಕೊಳ್ಳುತ್ತಾರೆ ಎಂದು ಅಧ್ಯಯನ ಮಾಡುವವರಿದ್ದರು. ಏನು ತಿನ್ನುತ್ತಾರೆ, ಯಾವ ಉಪವಾಸ ಬಿಡುವುದಿಲ್ಲ, ಮಾತ್ರೆ ಯಾಕೆ ತಪ್ಪಿಸುತ್ತಾರೆ, ಯಾರಿಗೆ ಹೆದರುತ್ತಾರೆ. ಇದಕ್ಕೆಲ್ಲ ಮನೆಮನೆಗೆ ಹೋಗಿ, ಅವರ ಭಾಷೆಯಲ್ಲಿ ಮಾತಾಡಿ, ಕುಟುಂಬಗಳನ್ನು ಒಪ್ಪಿಸಿ ಸೇರಿಸಬೇಕು. ಠಾಣೆಯಿಂದ ಕಲ್ಯಾಣದವರೆಗೆ, ಆ ಕಡೆ ನವಿ ಮುಂಬಯಿ, ಇಷ್ಟೂ ನನ್ನ ಪಾಲಿಗೆ ಬಂತು.

ಮೊದಲು ನನ್ನ ಊರಿನ ಕಡೆಯವರ ಮನೆಗಳಿಗೇ ಹೋದೆ. ಕರಾವಳಿಯವರು, ಹೋಟೆಲಿನಲ್ಲಿ, ಬ್ಯಾಂಕಿನಲ್ಲಿ ದುಡಿದು ಫ್ಲ್ಯಾಟು ಮಾಡಿಕೊಂಡವರು. ನನ್ನನ್ನು ಕಂಡರೆ ಮೊದಲು ಪಾಲಿಸಿ ಮಾರಲು ಬಂದವಳು ಅಂದುಕೊಳ್ಳುತ್ತಿದ್ದರು. ಪಾಲಿಸಿ ಅಲ್ಲ ಅಂತ ಗೊತ್ತಾದ ಮೇಲೆ ಮುಖ ಇನ್ನೂ ಗಂಟಾಗುತ್ತಿತ್ತು. "ಶುಗರಾ? ನಮ್ಮಲ್ಲಿ ಯಾರಿಗೂ ಇಲ್ಲ ಮಾರಾಯ್ತಿ," ಎಂದು ಫ್ರಿಜ್ಜಿನ ಮೇಲಿದ್ದ ಮಾತ್ರೆಯ ಪಟ್ಟಿಯನ್ನು ಸೆರಗಿನಿಂದ ಮರೆ ಮಾಡಿದವರನ್ನು ನೋಡಿದ್ದೇನೆ. ಒಬ್ಬರ ಮನೆಯಲ್ಲಿ ಶುಗರ್ ಇಲ್ಲವೆಂದು ಗಂಡ ಅಂದರೆ ಇದೆಯೆಂದು ಹೆಂಡತಿ ಅಂದಳು, ಇಬ್ಬರೂ ಒಬ್ಬರನ್ನೊಬ್ಬರು ತಿನ್ನುವ ಹಾಗೆ ನೋಡಿಕೊಂಡರು, ನಾನು ಚಪ್ಪಲಿ ಹಾಕಿಕೊಂಡೆ. ಮಗಳಿಗೆ ಗಂಡು ನೋಡುತ್ತಿದ್ದವರಂತೂ ಬಾಗಿಲ ಸರಪಳಿಯನ್ನೇ ತೆಗೆಯಲಿಲ್ಲ. ಕಾಯಿಲೆಗಿಂತ ಅದು ಇನ್ನೊಬ್ಬರಿಗೆ ಗೊತ್ತಾಗುವುದೇ ಇವರಿಗೆ ದೊಡ್ಡ ಕಾಯಿಲೆ ಎಂದು ಮೊದಲ ತಿಂಗಳಲ್ಲೇ ನನಗೆ ತಿಳಿದಿತ್ತು. ತಿಳಿದಿದ್ದೂ ನಾನು ಮಾಡಬಾರದ್ದನ್ನು ಮಾಡಿಯೇ ಬಿಟ್ಟೆ. ಅದಕ್ಕೇ ಇದನ್ನು ಬರೆಯುವಾಗ ಹಲ್ಲು ಕಚ್ಚಿಕೊಳ್ಳುತ್ತೇನೆ.

ಹೇಗೋ ಪರಿಚಯ, ಪರಿಚಯದ ಪರಿಚಯ ಎಂದು ಇಪ್ಪತ್ತು ಮನೆ ಸೇರಿಸಿದೆ. ಆಗ ಅಧ್ಯಯನದ ಮುಖ್ಯಸ್ಥೆ, ನಾವೆಲ್ಲ ಮೇಡಂ ಅನ್ನುತ್ತಿದ್ದ ಡಾಕ್ಟರು, ನನ್ನ ಪಟ್ಟಿ ನೋಡಿ ಹಿಂದಿಯಲ್ಲಿ ಹೇಳಿದರು: "ಇವರೆಲ್ಲ ನಿಮ್ಮಂಥವರೇ. ಕನ್ನಡದವರು ಅಂದರೆ ಇಷ್ಟೇನಾ? ಕೂಲಿ ಮಾಡುವವರು ಎಲ್ಲಿ?" ಮಾತು ಸರಿಯಾಗಿತ್ತು. ಕಲಬುರಗಿ, ರಾಯಚೂರು, ವಿಜಯಪುರದಿಂದ ಬಂದು ಕಲ್ಲು ಹೊರುವವರು, ಮೂಟೆ ಎತ್ತುವವರು ನನ್ನ ಕಣ್ಣಿಗೆ ದಿನಾ ಬೀಳುತ್ತಿದ್ದರು, ಪಟ್ಟಿಗೆ ಬಿದ್ದಿರಲಿಲ್ಲ.

ಹೀಗೆ ಶಹಾಡಿಗೆ ಹೋದೆ. ಕಲ್ಯಾಣ ದಾಟಿದರೆ ಮುಂದಿನ ಸ್ಟೇಷನ್ನು. ಇಳಿದ ಕೂಡಲೇ ಕಾರ್ಖಾನೆಯ ವಾಸನೆ ಮೂಗಿಗೆ ಹತ್ತುತ್ತದೆ, ಎರಡು ದಿನ ಹೋದರೆ ಅದೂ ಗೊತ್ತಾಗುವುದಿಲ್ಲ. ಹಳಿಯ ಆಚೆಗಿನ ಚಾಳಿನಲ್ಲಿ ಒಂದು ಖೋಲಿ, ಅದರಲ್ಲಿ ಗಂಡ, ಹೆಂಡತಿ, ಮುನ್ಸಿಪಾಲಿಟಿಯ ಮರಾಠಿ ಶಾಲೆಗೆ ಹೋಗುವ ಮಗಳು. ಕಲಬುರಗಿ ಕಡೆಯವರು. ಗಂಡ ವಾಶಿಯ ದೊಡ್ಡ ಮಾರ್ಕೆಟ್ಟಿನಲ್ಲಿ ಈರುಳ್ಳಿ ಮೂಟೆ ಇಳಿಸುವ ಹಮಾಲ. ಶಹಾಡಿನಿಂದ ಠಾಣೆ, ಅಲ್ಲಿ ಗಾಡಿ ಬದಲಿಸಿ ವಾಶಿ, ದಿನಾ ಅಷ್ಟು ದೂರ. ಹೆಂಡತಿ ನಾಲ್ಕು ಮನೆಯ ಪಾತ್ರೆ ತೊಳೆಯುತ್ತಿದ್ದಳು. ಗಂಡನ ಕಾಲಿನ ಹೆಬ್ಬೆರಳ ಗಾಯ ತಿಂಗಳುಗಟ್ಟಲೆ ಮಾಯದೆ ಸರಕಾರಿ ಆಸ್ಪತ್ರೆಗೆ ಹೋದಾಗ ಶುಗರ್ ಅಂದಿದ್ದರು. ಮಾತ್ರೆಯನ್ನು ಅವಳು ಜೋಳದ ಡಬ್ಬಿಯೊಳಗೆ ಹುದುಗಿಸಿಡುತ್ತಿದ್ದಳು.

ಮೊದಲ ದಿನ ಅವಳು ನನ್ನನ್ನು ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದಳು. ನಾನು ಮಾತಿನ ನಡುವೆ ಹಿಂದೆ ಕನ್ನಡ ಶಾಲೆಯಲ್ಲಿ ಟೀಚರಾಗಿದ್ದೆ ಅಂದೆ. ಅವಳ ಮುಖವೇ ಬದಲಾಯಿತು. "ಅಯ್ಯ, ಅಕ್ಕೋರ ಏನ್ರಿ ನೀವು? ಮೊದ್ಲ ಹೇಳಬಾರದೇನ್ರಿ? ಒಳಗ ಬರ್ರಿ," ಎಂದು ಚಾಪೆ ಹಾಸಿದಳು. ಆ ಕಡೆ ಹೆಣ್ಣು ಮಾಸ್ತರರನ್ನು ಅಕ್ಕೋರು ಅನ್ನುತ್ತಾರೆ. ಶಾಲೆಯ ಮುಖ ನೋಡದವಳಿಗೆ ಶಾಲೆಯವಳ ಮೇಲೆ ಅಷ್ಟು ನಂಬಿಕೆ. ಶಾಲೆ ಮುಚ್ಚಿದ ಮೇಲೆ ಯಾರೂ ನನ್ನನ್ನು ಹಾಗೆ ಕರೆದಿರಲಿಲ್ಲ. ನಾನು ಉಬ್ಬಿಹೋದೆ.

ಗಂಡ ಕಡಿಮೆ ಮಾತಿನವನು. ಭಾನುವಾರ ಸಿಕ್ಕಿದ. ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದ: "ಮುಕಾದಮಗ ಗೊತ್ತಾಗಬಾರದ್ರಿ ಅಕ್ಕೋರ. ಅದೊಂದ ನೋಡ್ರಿ."

ಮುಕಾದಮ ಅಂದರೆ ಅವನ ಟೋಳಿಯ ಮುಂದಾಳು. ಹನ್ನೆರಡು ಜನರ ಟೋಳಿ, ಎಲ್ಲ ಊರ ಕಡೆಯವರು. ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಅನ್ನುವುದು ಅವನ ಕೈಯಲ್ಲಿ. ಹಿಂದಿನ ವರ್ಷ ಒಬ್ಬ ತಲೆ ಸುತ್ತಿ ಲಾರಿಯ ಹಲಗೆಯಿಂದ ಮೂಟೆ ಸಮೇತ ಬಿದ್ದು ಸೊಂಟ ಮುರಿದುಕೊಂಡಿದ್ದ. ಅವನಿಗೂ ಶುಗರ್ ಇತ್ತು ಎಂದು ಆಮೇಲೆ ತಿಳಿಯಿತು. ಅಂದಿನಿಂದ ಮುಕಾದಮ ರೋಗದ ಆಳು ಬೇಡವೇ ಬೇಡ ಅಂದಿದ್ದ. ಟೋಳಿಯಿಂದ ಹೊರಬಿದ್ದರೆ ಈ ಮನುಷ್ಯನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ, ಬೇರೆ ಮಾರ್ಕೆಟ್ಟಿನಲ್ಲಿ ಗುರುತಿನವರಿರಲಿಲ್ಲ. ಅವನ ಬೆನ್ನಿನ ಮೇಲೆ ಆ ಖೋಲಿ ನಿಂತಿತ್ತು.

ಒಪ್ಪಿಗೆಯ ಕಾಗದವನ್ನು ನಾನೇ ಕನ್ನಡಕ್ಕೆ ಮಾಡಿದ್ದೆ. ಓದಿ ಹೇಳಿದೆ: "ನಿಮ್ಮ ಹೆಸರಾಗಲಿ, ನಿಮ್ಮ ಕಾಯಿಲೆಯಾಗಲಿ, ನಿಮ್ಮ ಅನುಮತಿ ಇಲ್ಲದೆ ಯಾರಿಗೂ ತಿಳಿಯುವುದಿಲ್ಲ." ಅವನು ಇನ್ನೊಮ್ಮೆ ಓದಿ ಅಂದ. ಇನ್ನೊಮ್ಮೆ ಓದಿದೆ. ಆಮೇಲೆ ಗಂಡ, ಹೆಂಡತಿ ಇಬ್ಬರೂ ಹೆಬ್ಬೆಟ್ಟು ಒತ್ತಿದರು.

ಹೋಗಿಬಂದು ಸಲುಗೆಯಾಯಿತು. ಒಂದು ಸಲ ಮೊಳಕೆ ಹೆಸರುಕಾಳಿನ ಉಸಲಿ ಮಾಡಿ ನನ್ನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಯ್ದು ಕೊಟ್ಟೆ, ಶುಗರಿಗೆ ಒಳ್ಳೆಯದು ಎಂದು. ಮುಂದಿನ ವಾರ ಡಬ್ಬಿ ವಾಪಸ್ಸು ಬಂತು, ತುಂಬ ಶೇಂಗಾ ಹಿಂಡಿ, ನಾವು ಚಟ್ನಿಪುಡಿ ಅನ್ನುವುದು. ಎಣ್ಣೆ ಬಿಟ್ಟುಕೊಂಡ, ಕೆಂಪು ಖಾರದ, ನಮ್ಮ ಮನೆಯಲ್ಲಿ ಎರಡೇ ದಿನಕ್ಕೆ ಖಾಲಿಯಾದ ಹಿಂಡಿ. ಯಾಕಮ್ಮ ಇಷ್ಟೆಲ್ಲ ಅಂದರೆ, "ಖಾಲಿ ಡಬ್ಬಿ ಹ್ಯಾಂಗ ಕೊಡೂದ್ರಿ? ಮನ್ಯಾಗ ಏನೂ ಇರ್ಲಿಲ್ಲಂದ್ರ ಒಂದು ಹಿಡಿ ಅಕ್ಕಿ ಹಾಕಿ ಕೊಡಬೇಕು," ಅಂದಳು. ನಮ್ಮ ಕಡೆಯೂ ಹಾಗೇ. ತೊಳೆದ ಪಾತ್ರೆಯನ್ನು ಬರಿದಾಗಿ ವಾಪಸ್ಸು ಕೊಟ್ಟರೆ ಸಂಬಂಧ ಸಾಕು ಅಂದ ಹಾಗೆ. ಆ ವರ್ಷವೆಲ್ಲ ನನ್ನ ಡಬ್ಬಿ ಶಹಾಡಿಗೂ ಡೊಂಬಿವಲಿಗೂ ತುಂಬಿಕೊಂಡೇ ಓಡಾಡಿತು.

ಈಗ ನನ್ನ ಜಾಣತನದ ಕಥೆ. ಸೇರಿದ ಕುಟುಂಬಗಳಿಗೆ ಒಂದು ಕಾಣಿಕೆ ಕೊಡುವುದಿತ್ತು. ಮೇಡಂ ಅವರ ಯೋಚನೆ ಒಂದು ಬಟ್ಟೆ ಚೀಲ, ಒಂದು ಪೆನ್ನು, ಎರಡರ ಮೇಲೂ ಅಧ್ಯಯನದ ಇಂಗ್ಲಿಷ್ ಹೆಸರಿನ ಮೊದಲ ಮೂರು ಅಕ್ಷರ. ಆ ಮೂರಕ್ಷರದಿಂದ ದೇವರಿಗೂ ಏನೂ ತಿಳಿಯುತ್ತಿರಲಿಲ್ಲ. ನಾನು ಮೀಟಿಂಗಿನಲ್ಲಿ ಎದ್ದು ನಿಂತೆ. ನಮ್ಮ ಜನರಿಗೆ ಪೆನ್ನು ಯಾತಕ್ಕೆ? ಸ್ಟೀಲ್ ಡಬ್ಬಿ ಕೊಡಿ. ನಮ್ಮಲ್ಲಿ ಸ್ಟೀಲ್ ಪಾತ್ರೆ ಕೊಟ್ಟರೆ ಅದರ ಮೇಲೆ ಹೆಸರು ಕೊರೆಸಿ ಕೊಡುತ್ತಾರೆ, ಯಾರು ಯಾರಿಗೆ ಯಾವುದಕ್ಕೆ ಕೊಟ್ಟದ್ದು ಅಂತ. ಮದುವೆ, ಮುಂಜಿ, ಗೃಹಪ್ರವೇಶ, ಎಲ್ಲದಕ್ಕೂ ಹಾಗೇ. ಇಂಗ್ಲಿಷ್ ಬೇಡ, ಅವರ ಭಾಷೆಯಲ್ಲೇ ಕೊರೆಸೋಣ. ಮರ್ಯಾದೆ ಅಂದರೆ ಅದು.

ಗುಟ್ಟು ಬಯಲಾಗುವುದಿಲ್ಲವೇ ಎಂದು ಒಬ್ಬರು ಕೇಳಿದರು. ನಾನು ನಕ್ಕೆ. "ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ?" ಅಂದೆ.

ಈ ಮಾತು ಹೇಗೆ ಬಾಯಿಗೆ ಬಂತು ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಮುಂಬಯಿ ಕಡೆಯ ಕನ್ನಡದವರಿಗೆಲ್ಲ ಈ ರೋಗ ಇದೆ. ಲೋಕಲ್ ಗಾಡಿಯ ಲೇಡೀಸ್ ಡಬ್ಬಿಯಲ್ಲಿ ಕೂತು ಎದುರಿಗಿರುವವಳ ಸೀರೆ, ಅವಳ ಗಂಡ, ಅವಳ ಸೊಸೆ, ಎಲ್ಲರನ್ನೂ ಕನ್ನಡದಲ್ಲಿ ಜಾಲಾಡುತ್ತೇವೆ, ಯಾರಿಗೂ ಗೊತ್ತಾಗುವುದಿಲ್ಲ ಅನ್ನುವ ಧೈರ್ಯದ ಮೇಲೆ. ಹಾಗೆ ಆಡಿ ಆಡಿ ಕನ್ನಡ ಅಂದರೆ ಬೀಗ ಹಾಕಿದ ಪೆಟ್ಟಿಗೆ ಎಂದೇ ತಲೆಗೆ ಕೂತುಬಿಟ್ಟಿದೆ. ಬೀಗದ ಕೈ ನಮ್ಮವರ ಹತ್ತಿರವೇ ಇರುತ್ತದೆ, ನಾವು ಹೆದರಬೇಕಾದದ್ದೂ ನಮ್ಮವರಿಗೇ, ಅದು ಆ ದಿನ ಹೊಳೆಯಲಿಲ್ಲ. ಮೇಡಂ ಮೇಜು ತಟ್ಟಿ ಶಭಾಷ್ ಅಂದರು. ಸಂಸ್ಕೃತಿಗೆ ತಕ್ಕ ಹಾಗೆ ನಡೆದುಕೊಳ್ಳುವುದು ಅಂದರೆ ಇದೇ ಎಂದು ಎಲ್ಲರ ಮುಂದೆ ಹೇಳಿದರು.

ಕಲ್ಯಾಣದ ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆಯುವವನಿಗೆ ಕನ್ನಡ ಬಾರದು. "ನೀವು ಬರೆದುಕೊಡಿ, ಅದರ ಮೇಲೇ ಮೆಷಿನ್ ಓಡಿಸುತ್ತೇನೆ" ಅಂದ. ಎರಡು ಮಧ್ಯಾಹ್ನ ಅವನ ಅಂಗಡಿಯ ಸ್ಟೂಲಿನಲ್ಲಿ ಕೂತು ಒಂದೊಂದೇ ಡಬ್ಬಿಯ ಮಗ್ಗುಲಿಗೆ ಸ್ಕೆಚ್ ಪೆನ್ನಿನಲ್ಲಿ ಬರೆದೆ. ಮೇಲೆ ಮನೆಯ ಯಜಮಾನನ ಹೆಸರು. ಕೆಳಗೆ "ಸಕ್ಕರೆ ಕಾಯಿಲೆ ಅಧ್ಯಯನಕ್ಕೆ ಸೇರಿದ ನೆನಪಿಗೆ, ಪ್ರೀತಿಯಿಂದ." ಪ್ರೀತಿಯಿಂದ ಅನ್ನುವುದನ್ನು ನಾನೇ ಸೇರಿಸಿದ್ದು. ಅವನ ಸೂಜಿ ಜುಯ್ಯೆಂದು ನನ್ನ ಗೆರೆಯ ಮೇಲೆ ಓಡುತ್ತಿತ್ತು, ನನ್ನ ಕೊಂಬು, ನನ್ನ ದೀರ್ಘ, ನನ್ನ ಒತ್ತಕ್ಷರ ಸ್ಟೀಲಿನಲ್ಲಿ ಹೊಳೆಯುತ್ತಾ ಮೂಡುತ್ತಿದ್ದವು. ಬೋರ್ಡಿನ ಮೇಲೆ ಬರೆದದ್ದನ್ನು ಸಂಜೆಗೆ ಒರೆಸುತ್ತಿದ್ದರು, ಇದನ್ನು ಯಾರು ಒರೆಸುತ್ತಾರೆ ನೋಡುತ್ತೇನೆ ಎಂದು ಖುಷಿಪಟ್ಟೆ.

ಡೊಂಬಿವಲಿಯ ಒಬ್ಬ ಹೆಂಗಸು ಡಬ್ಬಿ ಕೈಗೆ ತೆಗೆದುಕೊಂಡವಳೇ ಓದಿ, ಒಳಗೆ ಹೋಗಿ, ಬರೆದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಟ್ಟಳು. "ಎಂತ ಬರೆಸಿದ್ದು ಇದು, ನಿಮಗೆ ತಲೆ ಉಂಟಾ?" ಅಂದಳು. ಇವಳದ್ದು ಯಾವಾಗಲೂ ಅತಿ ಅಂದುಕೊಂಡು ಮೆಟ್ಟಿಲಿಳಿದೆ. ಅವಳಿಗೆ ಓದಲು ಬರುತ್ತಿತ್ತು, ಅದಕ್ಕೇ ಗೋಡೆಗೆ ತಿರುಗಿಸಿದಳು ಅನ್ನುವುದನ್ನು ಇನ್ನೆರಡು ಹೆಜ್ಜೆ ಮುಂದೆ ಯೋಚಿಸಿದ್ದರೆ ಸಾಕಿತ್ತು.

ಶಹಾಡಿನಲ್ಲಿ ಡಬ್ಬಿಗೆ ಆದ ಮರ್ಯಾದೆಯೇ ಬೇರೆ. ಅವಳು ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅಕ್ಷರದ ಮೇಲೆ ಬೆರಳಾಡಿಸಿದಳು. ಮಗಳನ್ನು ಕರೆದು ಓದು ಅಂದಳು. ಮಗಳು ಒಂದು ಗಳಿಗೆ ನೋಡಿ, "ಮಲಾ ನಾಹೀ ಯೇತ್, ಸಗಳಂ ಗೋಲ್ ಗೋಲ್ ಆಹೇ," ನನಗೆ ಬರುವುದಿಲ್ಲ, ಎಲ್ಲ ಗುಂಡುಗುಂಡಾಗಿದೆ ಎಂದು ಮರಾಠಿಯಲ್ಲಿ ಹೇಳಿ ಓಡಿದಳು. ತಾಯಿ ನನ್ನ ಕಡೆ ತಿರುಗಿದಳು.

"ಏನ್ ಬರ್ದೀರಿ ಅಕ್ಕೋರ?"

"ನಿಮ್ಮ ಯಜಮಾನರ ಹೆಸರು."

"ಅದರ ಬುಡಕ?"

ಆಗ ಓದಿ ಹೇಳಬಹುದಾಗಿತ್ತು. ಆರು ಶಬ್ದ. ಯಾಕೆ ಹೇಳಲಿಲ್ಲ? ಕಾಯಿಲೆಯ ಹೆಸರನ್ನು ಬಾಯಿಬಿಟ್ಟು ಹೇಳಿದರೆ ಆ ಕ್ಷಣದ ಚೆಂದ ಕೆಡುತ್ತದೆ ಅನ್ನಿಸಿತು. "ನಮ್ಮ ಆಫೀಸಿನ ಕೆಲಸದ ಹೆಸರು, ಅಷ್ಟೆ" ಅಂದೆ. ಅವಳು ತಲೆಯಾಡಿಸಿದಳು. ಅಕ್ಕೋರು ಹೇಳಿದ ಮೇಲೆ ಮುಗಿಯಿತಲ್ಲ. ಹೊಸ ಡಬ್ಬಿಯಲ್ಲಿ ನಾಳೆಯಿಂದ ಇವರ ರೊಟ್ಟಿ ಎಂದಳು. ಗಂಡ ಎಲ್ಲಿಗೆ ರೊಟ್ಟಿ ಒಯ್ಯುತ್ತಾನೆ ಎಂದು ನನಗೆ ಗೊತ್ತಿತ್ತು. ಆಗಲೂ ನನ್ನ ತಲೆಯಲ್ಲಿ ಏನೂ ಮಿನುಗಲಿಲ್ಲ.

ಮುಂದಿನ ಭೇಟಿ ಎರಡು ತಿಂಗಳಿಗೆ. ಅದು ವಾರದ ನಡುವಿನ ದಿನ, ಮಧ್ಯಾಹ್ನ. ಗಂಡ ಮನೆಯಲ್ಲಿದ್ದ. ಗೋಡೆಗೆ ಒರಗಿ ಕೂತು ಕಾಲ ಬೆರಳಿನ ಪಟ್ಟಿ ಬಿಚ್ಚುತ್ತಿದ್ದವನು ನನ್ನನ್ನು ನೋಡಿ ಎದ್ದು ನಿಂತ. ಬರ್ರಿ ಅಂದ. ಹೆಂಡತಿ ಬರ್ರಿ ಅನ್ನಲಿಲ್ಲ.

"ಡಬ್ಬಿ ಮ್ಯಾಲ ಏನ್ ಬರ್ಸಿದ್ರಿ?" ಅಂದಳು. ಅಕ್ಕೋರ ಅನ್ನುವುದು ಉದುರಿಹೋಗಿತ್ತು.

ಅವಳು ಹೇಳಿದ್ದು ಇಷ್ಟು. ಟೋಳಿಯವರು ದುಂಡಗೆ ಕೂತು ಉಣ್ಣುತ್ತಾರೆ. ಹಿಂಡಿ ಇದ್ದ ಇವನ ಡಬ್ಬಿ ಕೈಯಿಂದ ಕೈಗೆ ಹೋಯಿತು. ಮುಕಾದಮನ ಕೈಗೆ ಬಂದಾಗ ಅವನು ತಿರುಗಿಸಿ ನೋಡಿದ. ಊರಿನ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವನು, ಟೋಳಿಯ ಹಾಜರಿಯನ್ನು ಕನ್ನಡದಲ್ಲೇ ಬರೆಯುವವನು. "ಲೇ, ಕನ್ನಡದಾಗ ಬರ್ದಾರಲೇ!" ಎಂದು ಖುಷಿಯಿಂದ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದತೊಡಗಿದ. ಹೆಸರು ಓದಿದ. ಮುಂದಿನದನ್ನೂ ಅದೇ ದನಿಯಲ್ಲಿ ಓದಿ ಮುಗಿಸಿದ ಮೇಲೆ ಅವನಿಗೆ ತಾನು ಏನು ಓದಿದೆ ಎಂದು ತಿಳಿಯಿತು. ಮರುದಿನದಿಂದ ಇವನು ಟೋಳಿಯಲ್ಲಿ ಇಲ್ಲ.

"ಆಫೀಸಿನ ಹೆಸರ ಅಂದಿದ್ರಿ," ಅಂದಳು. "ನಮಗ ಓದಾಕ ಬರಂಗಿಲ್ಲ ಅಂತ ಗೊತ್ತಿತ್ತಲ್ಲ ನಿಮಗ."

ಗಂಡ ಅವಳಿಗೆ ಸುಮ್ಮನಿರು ಅಂದ. ಹೋಗಲಿ ಬಿಡಿ, ನೀವು ಬೇಕಂತ ಮಾಡಿದ್ದಲ್ಲ ಅಂದ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮರುದಿನ ವಾಶಿಗೆ ಹೋದೆ. ಈರುಳ್ಳಿ ಸಿಪ್ಪೆ ಕಾಲಿಗೆ ಹತ್ತುವ ಆ ಗಾಳಾದಲ್ಲಿ, ಅಂದರೆ ವ್ಯಾಪಾರಿಯ ಮಳಿಗೆಯಲ್ಲಿ, ಮುಕಾದಮನನ್ನು ಹುಡುಕಿದೆ. ನಾನು ಯಾರು ಎಂದು ಹೇಳಿದ ಕೂಡಲೇ ಕೈ ಮುಗಿದ, ಚಹಾ ತರಿಸಿದ. ನೀವು ಬಿಟ್ಟ ಹಮಾಲನದು ಸಾದಾ ಸಕ್ಕರೆ ಕಾಯಿಲೆ, ಮಾತ್ರೆ ನುಂಗುತ್ತಾನೆ, ಬೀಳುವುದಿಲ್ಲ, ಡಾಕ್ಟರಿಂದ ಬರೆಸಿಕೊಡುತ್ತೇನೆ, ಹೀಗೆ ನನಗೆ ತೋಚಿದ್ದೆಲ್ಲ ಹೇಳಿದೆ. ಅವನು ತಾಳ್ಮೆಯಿಂದ ಕೇಳಿದ. "ನಾ ಕೆಟ್ಟಾಂವ ಅಲ್ರಿ ಬಾಯಾರ. ಗೊತ್ತಿರದಿದ್ರ ನಡೀತಿತ್ತು. ಹನ್ನೊಂದ ಮಂದಿ ಕಿವೀಗೆ ಬಿದ್ದದ. ನಾಳೆ ಅಂವ ಬಿದ್ದ ಅಂದ್ರ ಗೊತ್ತಿದ್ದೂ ಎತ್ತಿಸಿದಿ ಅಂತಾರ," ಅಂದ. ನಾನು ಎದ್ದೆ. ಅವನೂ ಎದ್ದು, ನನಗೆ ಸಮಾಧಾನವಾಗಲಿ ಎಂದೋ ಏನೋ, ಇನ್ನೊಂದು ಮಾತು ಹೇಳಿದ. "ಅಕ್ಷರ ಭಾಳ ಛಂದ ಅದಾವ್ರಿ ನಿಮ್ಮವು. ಎಷ್ಟ ವರ್ಷಾದ ಮ್ಯಾಲ ಅಂಥಾ ಅಕ್ಷರ ನೋಡಿದೆ."

ಮೇಡಂ ಅವರಿಗೆ ಹೇಳಿದೆ. ಅವರಿಗೆ ನಿಜಕ್ಕೂ ಬೇಜಾರಾಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ಬೇಜಾರಿಗೆ ಅವರ ಫಾರ್ಮಿನಲ್ಲಿ ಜಾಗ ಇರಲಿಲ್ಲ. ರಕ್ತ ತೆಗೆದ ಕಡೆ ಬಾವು ಬಂದರೆ ಬರೆಯಲು ಕಾಲಂ ಇತ್ತು, ಕೆಲಸ ಹೋದರೆ ಇರಲಿಲ್ಲ. ಉಳಿದ ಡಬ್ಬಿಗಳನ್ನು ವಾಪಸ್ಸು ತೆಗೆದುಕೊಳ್ಳೋಣ ಅಂದೆ. ಅದರಿಂದ ಇನ್ನಷ್ಟು ಗಲಾಟೆಯಾಗುತ್ತದೆ ಅಂದರು. ಮುಂದೆ ವರದಿ ಬಂದಾಗ ಅದರಲ್ಲಿ ಒಂದು ಸಾಲು ಇತ್ತು: ಸಮುದಾಯದ ಸಂಪ್ರದಾಯಕ್ಕೆ ಒಪ್ಪುವ ಕಾಣಿಕೆಯಿಂದ ಕುಟುಂಬಗಳ ವಿಶ್ವಾಸ ಗಳಿಸಲಾಯಿತು. ನಾನು ಆ ಸಾಲನ್ನು ಹೊಡೆದು ಹಾಕಿ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಕೆಲಸ ನನಗೂ ಬೇಕಿತ್ತು.

ಕೊನೆಯ ಭೇಟಿಗೆ ಶಹಾಡಿಗೆ ಹೋಗಲು ಕಾಲೇ ಬರಲಿಲ್ಲ. ಹೋಗದಿದ್ದರೆ ಆ ಮನೆಯ ಫಾರ್ಮು ಅರ್ಧಕ್ಕೆ ನಿಲ್ಲುತ್ತದೆ, ಅವರು ಹಾಕಿದ ಹೆಬ್ಬೆಟ್ಟಿಗೂ ಅರ್ಥವಿರುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಹೋದೆ. ಗಂಡ ಇರಲಿಲ್ಲ. ಉಲ್ಹಾಸನಗರದ ಕಡೆ ಒಂದು ಗೋಡೌನಿನಲ್ಲಿ ವಾಚ್‌ಮನ್ ಆಗಿದ್ದಾನೆ, ಹಗಲೆಲ್ಲ ನಿಂತು ಗಾಯ ಹೆಚ್ಚಾಗಿದೆ ಅಂದಳು. ಮಗಳು ಶಾಲೆ ಬಿಟ್ಟು ತಾಯಿಯ ಜೊತೆ ಪಾತ್ರೆ ತೊಳೆಯಲು ಹೋಗುತ್ತಿದ್ದಳು. ಇದನ್ನೂ ಅವಳು ನಾನು ಕೇಳಿದ್ದಕ್ಕೆ ಹೇಳಿದಳು, ಇಲ್ಲದಿದ್ದರೆ ಹೇಳುತ್ತಿರಲಿಲ್ಲ.

ಪ್ರಶ್ನೆ ಕೇಳುತ್ತಾ ಹೋದೆ. ವಾರಕ್ಕೆ ಎಷ್ಟು ಸಲ ಸೊಪ್ಪು, ಎಷ್ಟು ಸಲ ಅನ್ನ, ಮಾತ್ರೆ ತಪ್ಪುತ್ತದೆಯೇ. ಒಂದೊಂದಕ್ಕೂ ಅವಳು ನೆಟ್ಟಗೆ ಉತ್ತರ ಕೊಟ್ಟಳು. ಕೊನೆಯ ಪ್ರಶ್ನೆ, ಇಂಥ ಅಧ್ಯಯನಕ್ಕೆ ಇನ್ನೊಮ್ಮೆ ಸೇರುವಿರಾ? ಅದನ್ನು ಕೇಳದೆ ಕಾಗದ ಮಡಿಸಿದೆ. "ಅದೊಂದ ಯಾಕ ಬಿಟ್ರಿ?" ಅಂದಳು. ಓದಲು ಬಾರದಿದ್ದರೂ ನನ್ನ ಪೆನ್ನು ಎಲ್ಲಿ ನಿಂತಿತು ಎಂದು ನೋಡುತ್ತಿದ್ದಳು. ಓದಿ ಹೇಳಿದೆ. ಅವಳು ಎದ್ದು ಒಲೆಯ ಹಿಂದಿನ ಹಲಗೆಯಿಂದ ಆ ಸ್ಟೀಲ್ ಡಬ್ಬಿ ತೆಗೆದು ನನ್ನ ಮುಂದೆ ಇಟ್ಟಳು. ತಗೊಂಡು ಹೋಗ್ರಿ ಅಂದಳು.

ಡಬ್ಬಿ ಎತ್ತಿಕೊಂಡೆ. ಹಗುರವಾಗಿತ್ತು. ಸ್ಟೀಲ್ ಡಬ್ಬಿ ಹಗುರವೇ ಇರುತ್ತದೆ ಎಂದು ದಾರಿಯುದ್ದಕ್ಕೂ ಸಮಾಧಾನ ಮಾಡಿಕೊಂಡೆ. ಶಹಾಡ್ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮುಚ್ಚಳ ತೆಗೆದೆ. ಒಂದು ಚಮಚ ಹಿಂಡಿ, ಇಲ್ಲದಿದ್ದರೆ ನಾಲ್ಕು ಕಾಳು ಅಕ್ಕಿಯಾದರೂ ಇರಬಹುದು ಎಂದು ಆಸೆಪಟ್ಟಿದ್ದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ತೊಳೆದು, ಬಟ್ಟೆಯಲ್ಲಿ ಒರೆಸಿ, ಒಣಗಿಸಿದ ಡಬ್ಬಿ. ಒಳಗೆ ಏನೂ ಇರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಡಬ್ಬಿಯನ್ನೇ ನೋಡುತ್ತಿದ್ದಳು. ಅವಳಿಗೆ ಕನ್ನಡ ಬರುತ್ತದೋ ಇಲ್ಲವೋ ನನಗೇನು ಗೊತ್ತು. ಅಕ್ಷರ ಇದ್ದ ಮಗ್ಗುಲನ್ನು ನನ್ನ ಹೊಟ್ಟೆಯ ಕಡೆಗೆ ತಿರುಗಿಸಿ, ಎರಡೂ ಕೈಯಲ್ಲಿ ಮುಚ್ಚಿಕೊಂಡು, ಗಾಡಿ ಬರುವವರೆಗೆ ಕೂತೆ.